ಕದ್ದುಮುಚ್ಚಿ ಕೊಟ್ಟ ದುಡ್ಡು: ಅಮೆರಿಕದ ಕಾಲೇಜ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಹುಡುಗನ ಪರ ಯಾರಿದ್ದರು?

ಹುಣಸೂರ್ ರೋಡ್

ಬ್ರಯನ್ ಬೋವೆನ್ ಹೆಸರು ಇಲ್ಲಿ ಎಷ್ಟು ಜನಕ್ಕೆ ನೆನಪಿದೆ? ಮಿಷಿಗನ್ ರಾಜ್ಯದ ಸ್ಯಾಗಿನಾ ಊರಿನ ಹುಡುಗ. 2017ರಲ್ಲಿ ಹೈಸ್ಕೂಲ್ ಮುಗಿಸಿದವರಲ್ಲಿ ದೇಶಕ್ಕೇ ಗೊತ್ತಿದ್ದ ಆಟಗಾರ. ಆ ವರ್ಷ ಜೂನ್‌ನಲ್ಲಿ, ಯಾರೂ ನಿರೀಕ್ಷಿಸದೇ ಇದ್ದಾಗ, ಲೂಯಿವಿಲ್ ವಿಶ್ವವಿದ್ಯಾಲಯ ಸೇರುತ್ತೇನೆ ಅಂದ. ಅಲ್ಲಿನ ಕೋಚ್ ರಿಕ್ ಪಿಟಿನೊ ಖುಷಿಯಲ್ಲಿ ಹೇಳಿಕೊಂಡರು: ಇವನಿಗಾಗಿ ನಾವು ಒಂದು ಡಾಲರ್ ಖರ್ಚು ಮಾಡಿಲ್ಲ, ಅದೃಷ್ಟ ತಾನಾಗಿ ಬಂತು ಅಂತ.

ಸೆಪ್ಟೆಂಬರ್ 26ರಂದು ನ್ಯೂಯಾರ್ಕ್‌ನ ಫೆಡರಲ್ ಪ್ರಾಸಿಕ್ಯೂಟರ್‌ಗಳು ಹತ್ತು ಜನರ ಮೇಲೆ ಕೇಸು ಹಾಕಿದರು. ನಾಲ್ವರು ಅಸಿಸ್ಟೆಂಟ್ ಕೋಚ್‌ಗಳು. ಅಡಿಡಾಸ್ ಕಂಪನಿಯಲ್ಲಿ ಬ್ಯಾಸ್ಕೆಟ್‌ಬಾಲ್ ಮಾರ್ಕೆಟಿಂಗ್ ನೋಡಿಕೊಳ್ಳುತ್ತಿದ್ದ ಜೇಮ್ಸ್ ಗ್ಯಾಟೊ. ಆಟಗಾರರ ಏಜೆಂಟ್ ಆಗಲು ಓಡಾಡುತ್ತಿದ್ದ ಕ್ರಿಶ್ಚಿಯನ್ ಡಾಕಿನ್ಸ್, ಅವನೂ ಸ್ಯಾಗಿನಾದವನೇ. ಜೊತೆಗೆ ಹಣಕಾಸು ಸಲಹೆಗಾರ, ಸೂಟ್ ಹೊಲಿಯುವ ದರ್ಜಿ. ಆಟಕ್ಕಾಗಿ ಕಾಲೇಜ್ ಆಟಗಾರನಾಗಲಿ ಅವನ ಮನೆಯವರಾಗಲಿ ದುಡ್ಡು ತಗೊಳ್ಳುವ ಹಾಗಿಲ್ಲ ಅನ್ನೋದು ಆಗಿನ ನಿಯಮ. ಆದರೂ ಬೋವೆನ್ ಕುಟುಂಬಕ್ಕೆ 1 ಲಕ್ಷ ಡಾಲರ್ ಕೊಡುವ ಮಾತಾಗಿತ್ತು, ನಾಲ್ಕು ಕಂತಿನಲ್ಲಿ. ಅಡಿಡಾಸ್ ಲೆಕ್ಕದಲ್ಲಿ ಸುಳ್ಳು ಬಿಲ್ ಹಾಕಿ ಹಣ ಹೊರಗೆ ಬಂತು. ಮೊದಲ ಕಂತು 25,000 ಡಾಲರ್. ಅಪ್ಪನ ಕೈಗೆ ಸೇರಿದ್ದು 19,500, ನಗದು.

ಅದೇ ಬೇಸಿಗೆಯಲ್ಲಿ ಲೂಯಿವಿಲ್ ಮತ್ತು ಅಡಿಡಾಸ್ ನಡುವೆ ಇನ್ನೊಂದು ಒಪ್ಪಂದ ಆಯಿತು. ಹತ್ತು ವರ್ಷಕ್ಕೆ 16 ಕೋಟಿ ಡಾಲರ್. ಅದನ್ನು ಪತ್ರಿಕಾಗೋಷ್ಠಿ ಕರೆದು ಹೇಳಿದರು. ಕಂಪನಿ ಕಾಲೇಜಿಗೆ ಕೊಟ್ಟದ್ದು ವ್ಯವಹಾರ. ಅದೇ ಕಂಪನಿ, ಆ ಕಾಲೇಜಿಗೆ ಆಡಲಿರುವ ಹುಡುಗನ ಮನೆಗೆ ಕೊಟ್ಟದ್ದು ಕ್ರಿಮಿನಲ್ ಕೇಸು.

ಬೋವೆನ್ ಕಾಲೇಜಿಗೆ ಒಂದೇ ಒಂದು ಮ್ಯಾಚ್ ಆಡಲಿಲ್ಲ. ದುಡ್ಡಿನ ವಿಷಯ ತನಗೆ ಗೊತ್ತೇ ಇರಲಿಲ್ಲ ಅಂದ. ಕೊನೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ಸಿಡ್ನಿ ಕಿಂಗ್ಸ್ ತಂಡಕ್ಕೆ ಆಡಿದ. ಅಪ್ಪ ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಅತ್ತುಬಿಟ್ಟರು.

ದುಡ್ಡು ಕೊಡೋದು ಸರಿಯೋ ತಪ್ಪೋ ಅಂತ ಎಲ್ಲರೂ ವಾದ ಮಾಡ್ತಾರೆ. ನನ್ನನ್ನು ಕಾಡುವುದು ಬೇರೆ. ಹದಿನೆಂಟು ವರ್ಷದ ಹುಡುಗ ಯಾವ ಕಾಲೇಜಿಗೆ ಹೋಗಬೇಕು ಅನ್ನೋದನ್ನು ಶೂ ಕಂಪನಿಯವನು, ಏಜೆಂಟ್, ಅಪ್ಪ ಸೇರಿಕೊಂಡು ತೀರ್ಮಾನಿಸಿದರು. ಆಡಬೇಕಾದವನು ಅವನು. ಆ ಮಾತುಕತೆಯಲ್ಲಿ ಇವನ ಪರ ಕೂತಿದ್ದವರು ಯಾರು? ಕದ್ದುಮುಚ್ಚಿ ನಡೆದಿದ್ದರಿಂದಲೇ ಯಾರೂ ಇರಲಿಲ್ಲ ಅಂತ ನನಗನ್ನಿಸುತ್ತದೆ. ನೀವೆಲ್ಲ ಏನಂತೀರಿ?

ಮಂಡ್ಯದ ಪಿವಟ್

ಸರ್, ಹುಡುಗನ ಮೇಲೆ ನನಗೂ ಕನಿಕರ ಇದೆ. ಆದರೆ ಅಪ್ಪನನ್ನು ಇಷ್ಟು ಸುಲಭವಾಗಿ ಬಿಡಬೇಡಿ. ನಿಯಮ ಏನು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಿಕ್ಕಿಬಿದ್ದರೆ ಮಗ ಆಡುವ ಹಾಗಿಲ್ಲ ಅಂತಲೂ ಗೊತ್ತಿತ್ತು. ಮಗನ ಭವಿಷ್ಯ ಒತ್ತೆ ಇಟ್ಟು ದುಡ್ಡು ತಗೊಂಡರು.

ನಾನು ಇಪ್ಪತ್ತರ ವಯಸ್ಸಿನಲ್ಲಿ ಯೂನಿವರ್ಸಿಟಿ ತಂಡಕ್ಕೆ ಆಡಿದವನು. ಸ್ಲೀಪರ್ ಕ್ಲಾಸ್‌ನಲ್ಲಿ ಎರಡು ರಾತ್ರಿ ಪ್ರಯಾಣ ಮಾಡಿ, ಇಳಿದ ದಿನವೇ ಮ್ಯಾಚ್ ಆಡಿದ್ದೇವೆ. ಈ ಹುಡುಗರಿಗೆ ಪೂರ್ತಿ ಫೀಸು, ಹಾಸ್ಟೆಲ್, ಊಟ, ಡಾಕ್ಟರ್ ಎಲ್ಲ ಸಿಗುತ್ತೆ. ಅಲ್ಲಿನ ಫೀಸು ಎಷ್ಟು ಅಂತ ಇಲ್ಲಿ ಮಕ್ಕಳನ್ನು ಓದಿಸ್ತಿರೋರನ್ನು ಕೇಳಿ ನೋಡಿ.

ಇನ್ನೊಂದು ಮಾತು. ಪ್ರಾಮಾಣಿಕವಾಗಿ ನಡೆದ ಕೋಚ್‌ಗಳ ಬಗ್ಗೆ ಯಾರೂ ಮಾತಾಡೋದಿಲ್ಲ. ಅವರು ಹುಡುಗನ ಮನೆಗೆ ಹೋಗಿ ಅಪ್ಪ-ಅಮ್ಮನ ಹತ್ತಿರ ಕೂತು ಮಾತಾಡಿರ್ತಾರೆ, ವರ್ಷಗಟ್ಟಲೆ ಹಿಂದೆ ಬಿದ್ದಿರ್ತಾರೆ. ಕೊನೇ ವಾರದಲ್ಲಿ ಒಂದು ಕವರ್ ಬಂದು ಎಲ್ಲ ತೊಳೆದುಹೋಗುತ್ತೆ. ಅವರಿಗೆ ಆದದ್ದು ಅನ್ಯಾಯ ಅಲ್ವಾ?

ಮೂರು ಪಾಯಿಂಟ್

ಕವರ್ ಅಂದಿರಿ, ಅದರಲ್ಲೇ ಒಂದು ಕಥೆ ಇದೆ. 1988ರ ವಸಂತದಲ್ಲಿ ಎಮರಿ ಅನ್ನೋ ಕೊರಿಯರ್ ಕಂಪನಿಯ ಲಾಸ್ ಏಂಜಲೀಸ್ ಕೇಂದ್ರದಲ್ಲಿ ಒಂದು ಪ್ಯಾಕೆಟ್ ಬಿಚ್ಚಿಕೊಂಡಿತು. ಒಳಗೆ ಒಂದು ವಿಡಿಯೋ ಕ್ಯಾಸೆಟ್, ಜೊತೆಗೆ ಐವತ್ತು ಡಾಲರಿನ ನೋಟುಗಳು, ಒಟ್ಟು 1,000 ಡಾಲರ್. ಕಳಿಸಿದವರ ಹೆಸರು ಕೆಂಟಕಿ ವಿಶ್ವವಿದ್ಯಾಲಯದ ಅಸಿಸ್ಟೆಂಟ್ ಕೋಚ್ ಡ್ವೇನ್ ಕೇಸಿ. ತಲುಪಬೇಕಾದ್ದು ಕ್ರಿಸ್ ಮಿಲ್ಸ್ ಅನ್ನೋ ಆಟಗಾರನ ಅಪ್ಪನಿಗೆ. ದುಡ್ಡು ಇಟ್ಟದ್ದು ತಾನಲ್ಲ ಅಂತ ಕೇಸಿ ಕೊನೇವರೆಗೂ ಹೇಳಿದರು. ಕೊರಿಯರ್ ಕಂಪನಿ ಮೇಲೆ ಮೊಕದ್ದಮೆ ಹೂಡಿದರು, ಅದು ರಾಜಿಯಲ್ಲಿ ಮುಗಿಯಿತು. ಕೆಂಟಕಿ ತಂಡಕ್ಕೆ ಶಿಕ್ಷೆ ಆಯಿತು, ಕೇಸಿ ಕಾಲೇಜ್ ಆಟದಿಂದಲೇ ಹೊರಗೆ ಬಿದ್ದರು. ಅದೇ ಕೇಸಿ 2018ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯ ವರ್ಷದ ಕೋಚ್ ಆದರು.

ಆದರೆ ಇದಕ್ಕಿಂತ ಭಯ ಹುಟ್ಟಿಸೋದು ಮಿಷಿಗನ್ ವಿಶ್ವವಿದ್ಯಾಲಯದ ಕಥೆ. ಎಡ್ ಮಾರ್ಟಿನ್ ಅಂತ ಒಬ್ಬರು. ಫೋರ್ಡ್ ಕಂಪನಿಯಿಂದ ನಿವೃತ್ತರಾದ ಎಲೆಕ್ಟ್ರೀಷಿಯನ್. ಕಾರು ಕಾರ್ಖಾನೆಗಳ ಕಾರ್ಮಿಕರ ನಡುವೆ ಅಕ್ರಮ ಲಾಟರಿ ನಡೆಸುತ್ತಿದ್ದರು. ಡೆಟ್ರಾಯಿಟ್ ಹುಡುಗರಿಗೆ ಶೂ, ಕೇಕ್, ಆಮೇಲೆ ನಗದು ಕೊಟ್ಟು ಹತ್ತಿರವಾದರು. ಕ್ರಿಸ್ ವೆಬ್ಬರ್ ಸೇರಿ ನಾಲ್ವರು ಆಟಗಾರರಿಗೆ ಒಟ್ಟು 6,16,000 ಡಾಲರ್ ಸಾಲ ಕೊಟ್ಟಿದ್ದೆ ಅಂತ ಕೋರ್ಟಿನಲ್ಲಿ ಒಪ್ಪಿಕೊಂಡರು. ಸಾಲ! ಲಾಟರಿಯ ಕಪ್ಪು ಹಣವನ್ನು ಬಿಳಿ ಮಾಡಿಕೊಳ್ಳೋಕೆ ಹುಡುಗರು ದಾರಿಯಾದರು. ಎನ್‌ಬಿಎ ಸೇರಿದ ಮೇಲೆ ವಾಪಸ್ ಕೊಡ್ತಾರೆ ಅನ್ನೋ ಲೆಕ್ಕ. 2002ರಲ್ಲಿ ಮಿಷಿಗನ್ ತನ್ನ ಕ್ರೀಡಾಂಗಣದಿಂದ 1992, 1993ರ ಫೈನಲ್ ಫೋರ್ (ಕೊನೆಯ ನಾಲ್ಕು ತಂಡಗಳ ಹಂತ) ಬ್ಯಾನರ್‌ಗಳನ್ನು ತಾನೇ ಇಳಿಸಿತು.

ಹುಣಸೂರ್ ರೋಡ್ ಸರ್ ಹೇಳಿದ್ದು ಇಲ್ಲಿ ಸರಿಯಾಗಿ ಕಾಣುತ್ತೆ. ಬಹಿರಂಗವಾಗಿ ಕೊಡೋ ಹಾಗಿಲ್ಲ ಅಂದಾಗ ಕೊಡೋಕೆ ಮುಂದೆ ಬರೋರು ಇಂಥವರೇ.

ಮಲ್ಲೇಶ್ವರದ ವಕೀಲ

ಕಾನೂನಿನ ಕಡೆಯಿಂದ ಸ್ವಲ್ಪ ಹೇಳುತ್ತೇನೆ. ಬೋವೆನ್ ಹೆಸರು ಬಂದ ಆ 2017ರ ಕೇಸು ಹೇಗೆ ಶುರುವಾಯಿತು ಅನ್ನೋದೇ ಬಹಳ ಜನಕ್ಕೆ ತಿಳಿದಿಲ್ಲ. ಪಿಟ್ಸ್‌ಬರ್ಗ್‌ನಲ್ಲಿ ಮಾರ್ಟಿ ಬ್ಲೇಜರ್ ಅಂತ ಒಬ್ಬ ಹಣಕಾಸು ಸಲಹೆಗಾರ. ತನ್ನ ಗಿರಾಕಿಗಳಾಗಿದ್ದ ಆಟಗಾರರ ಖಾತೆಯಿಂದ 20 ಲಕ್ಷ ಡಾಲರಿಗೂ ಜಾಸ್ತಿ ಎತ್ತಿ ಸಿನಿಮಾಕ್ಕೆ ಸುರಿದಿದ್ದ. ಸಿಕ್ಕಿಬಿದ್ದ. ಶಿಕ್ಷೆ ಕಮ್ಮಿ ಮಾಡಿಸಿಕೊಳ್ಳೋಕೆ ಎಫ್‌ಬಿಐಗೆ ಕಾಲೇಜ್ ಆಟದ ಒಳಗುಟ್ಟು ತೋರಿಸುತ್ತೇನೆ ಅಂದ. ಅಲ್ಲಿಂದ ಫೋನ್ ಕದ್ದಾಲಿಕೆ, ವೇಷ ಹಾಕಿದ ಏಜೆಂಟ್, ಹೋಟೆಲ್ ರೂಮಿನಲ್ಲಿ ಕ್ಯಾಮೆರಾ. ಕೊನೆಗೆ ಬ್ಲೇಜರ್‌ಗೆ ಜೈಲೇ ಆಗಲಿಲ್ಲ. ಆ ತನಿಖೆಯಲ್ಲಿದ್ದ ಒಬ್ಬ ಎಫ್‌ಬಿಐ ಏಜೆಂಟ್ ಸರ್ಕಾರದ ದುಡ್ಡನ್ನು ಲಾಸ್ ವೇಗಸ್‌ನಲ್ಲಿ ಜೂಜಾಡಿ 2022ರಲ್ಲಿ ತಪ್ಪೊಪ್ಪಿಕೊಂಡ.

ಆಟಗಾರನಿಗೆ ದುಡ್ಡು ಕೊಡೋದು ಅಪರಾಧ ಅಂತ ಹೇಳುವ ಫೆಡರಲ್ ಕಾನೂನು ಇರಲಿಲ್ಲ. ಅದು ಕಾಲೇಜ್ ಕ್ರೀಡೆ ನಡೆಸುವ ಎನ್‌ಸಿಎಎ ಅನ್ನೋ ಸಂಸ್ಥೆಯ ನಿಯಮ ಅಷ್ಟೆ. ಹಾಗಾಗಿ ಪ್ರಾಸಿಕ್ಯೂಟರ್‌ಗಳು ಬೇರೆ ದಾರಿ ಹಿಡಿದರು. ದುಡ್ಡು ತಗೊಂಡ ಮೇಲೆ ಹುಡುಗ ಆಡಲು ಅನರ್ಹ. ಅದನ್ನು ಮುಚ್ಚಿಟ್ಟು ವಿಶ್ವವಿದ್ಯಾಲಯದಿಂದ ಸ್ಕಾಲರ್‌ಶಿಪ್ ಪಡೆದರು. ಆದ್ದರಿಂದ ಮೋಸಹೋದದ್ದು ವಿಶ್ವವಿದ್ಯಾಲಯ! ಲೂಯಿವಿಲ್, ಕ್ಯಾನ್ಸಸ್‌ನಂಥ ದೊಡ್ಡ ಸಂಸ್ಥೆಗಳನ್ನು ಸಂತ್ರಸ್ತರು ಅಂತ ಕರೆದರು. 2018ರ ಅಕ್ಟೋಬರ್‌ನಲ್ಲಿ ಜ್ಯೂರಿ ಒಪ್ಪಿತು. ಗ್ಯಾಟೊಗೆ ಒಂಬತ್ತು ತಿಂಗಳು, ಡಾಕಿನ್ಸ್ ಮತ್ತು ಅಡಿಡಾಸ್‌ನ ಸಲಹೆಗಾರ ಮರ್ಲ್ ಕೋಡ್‌ಗೆ ಆರಾರು ತಿಂಗಳು ಜೈಲು. 2021ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ಮೂವರು ನ್ಯಾಯಾಧೀಶರಲ್ಲಿ ಜೆರಾರ್ಡ್ ಲಿಂಚ್ ಮಾತ್ರ ಒಂದು ಭಾಗದಲ್ಲಿ ಬೇರೆ ಅಭಿಪ್ರಾಯ ಬರೆದರು.

ಕೋಚ್‌ಗಳದ್ದು ಬೇರೆ ವಿಷಯ. ಅವರು ಲಂಚ ತಗೊಂಡದ್ದು ತಮ್ಮ ಹುಡುಗರನ್ನು ಒಬ್ಬ ನಿರ್ದಿಷ್ಟ ಸಲಹೆಗಾರನ ಬಳಿಗೆ ಕಳಿಸೋಕೆ. ಅದು ನನ್ನ ದೃಷ್ಟಿಯಲ್ಲಿ ನಿಜವಾದ ದ್ರೋಹ. ಅಣ್ಣನ ಹಾಗೆ ನಂಬಿದ್ದ ಹುಡುಗನನ್ನು ಮಾರಿಕೊಂಡ ಹಾಗೆ. ಆದರೂ ಶಿಕ್ಷೆ ಎಲ್ಲಿ ಬಿತ್ತು ನೋಡಿ. ಬಂಧನವಾದ ನಾಲ್ವರೂ ಅಸಿಸ್ಟೆಂಟ್‌ಗಳು, ನಾಲ್ವರೂ ಕಪ್ಪು ಜನ. ಅರಿಜೋನಾದ ಬುಕ್ ರಿಚರ್ಡ್‌ಸನ್ 20,000 ಡಾಲರಿಗೆ ಮೂರು ತಿಂಗಳು ಜೈಲು ಕಂಡರು, ಮೇಲೆ ಎನ್‌ಸಿಎಎಯ ಹತ್ತು ವರ್ಷದ ನಿರ್ಬಂಧ. ಅವರ ಮೇಲಿದ್ದ ಹೆಡ್ ಕೋಚ್ ಶಾನ್ ಮಿಲ್ಲರ್ ಕೆಲಸ ಕಳೆದುಕೊಂಡರು, ನಿಜ. ಆದರೆ ವೈಯಕ್ತಿಕ ಶಿಕ್ಷೆ ಇಲ್ಲ, 2022ರಲ್ಲೇ ಇನ್ನೊಂದು ಹೆಡ್ ಕೋಚ್ ಹುದ್ದೆ ಸಿಕ್ಕಿತು. ಪಿಟಿನೊ ಕೂಡ 2022ರಲ್ಲಿ ಆರೋಪಮುಕ್ತರಾದರು, ಈಗ ನ್ಯೂಯಾರ್ಕ್‌ನ ಸೇಂಟ್ ಜಾನ್ಸ್‌ನಲ್ಲಿದ್ದಾರೆ.

ಮಂಡ್ಯದ ಪಿವಟ್

ವಕೀಲರೇ, ಮೇಲಿನವರಿಗೆ ಶಿಕ್ಷೆ ಆಗಲಿಲ್ಲ ಅನ್ನೋದು ಮೇಲಿನವರಿಗೂ ಶಿಕ್ಷೆ ಕೊಡಿ ಅನ್ನೋದಕ್ಕೆ ಕಾರಣ. ಕೆಳಗಿನವರನ್ನು ಬಿಡಿ ಅನ್ನೋದಕ್ಕಲ್ಲ.

ಎಡಿಸನ್ ಅಮ್ಮ

ನಮಸ್ಕಾರ. ಇದನ್ನೆಲ್ಲ ಓದಿ ಎದೆ ಸ್ವಲ್ಪ ಜೋರಾಗಿ ಬಡ್ಕೊಳ್ತಿದೆ. ನಾವಿರೋದು ನ್ಯೂಜೆರ್ಸಿಯಲ್ಲಿ. ಮಗ ಒಂಬತ್ತನೇ ಕ್ಲಾಸ್, ಆಗಲೇ ಆರಡಿ ಮೂರಿಂಚು. ಹೋದ ಬೇಸಿಗೆ ಒಂದು ಟೂರ್ನಮೆಂಟ್ ಮುಗಿಸಿ ಹೊರಗೆ ಬರ್ತಿದ್ದೆವು. ಒಬ್ಬರು ನಗ್ತಾ ಬಂದು ಮಾತಾಡಿಸಿದರು. ಕೈಯಲ್ಲಿ ದೊಡ್ಡ ಬ್ಯಾಗು. ಒಳಗೆ ಎರಡು ಜೊತೆ ಶೂ, ಒಂದು ಜಾಕೆಟ್. ಶೂ 13ನೇ ನಂಬರ್, ಸರಿಯಾಗಿ ಅವನ ಅಳತೆಯದ್ದೇ. ನಾವು ಅವರಿಗೆ ಅಳತೆ ಹೇಳಿರಲಿಲ್ಲ.

ಮುಂದಿನ ಬೇಸಿಗೆಗೆ ತಮ್ಮ ಕ್ಲಬ್ಬಿಗೆ ಬಂದರೆ ಫೀಸು ಇಲ್ಲ, ವಿಮಾನದ ಖರ್ಚೂ ಇಲ್ಲ ಅಂದರು. ಬದಲಿಗೆ ಏನು ಮಾಡಬೇಕು ಅಂತ ನನ್ನ ಗಂಡ ಕೇಳಿದರು. "ಏನೂ ಇಲ್ಲ, ಮುಂದೆ ದೊಡ್ಡವನಾದಾಗ ನಮ್ಮನ್ನು ನೆನಪಿಟ್ಟುಕೊಳ್ಳಿ ಸಾಕು" ಅಂದರು. ಮಗ ಆಗಲೇ ಶೂ ಕೈಗೆತ್ತಿಕೊಂಡು ನೋಡ್ತಿದ್ದ. ಆ ಮುಖ ನೋಡಿ ಬೇಡ ಅನ್ನೋಕೆ ನನ್ನ ಕೈಲಾಗಲಿಲ್ಲ. ಇವರು ಬೇಡ ಅಂದರು. ಕಾರಿನಲ್ಲಿ ಮನೆವರೆಗೂ ಯಾರೂ ಮಾತಾಡಲಿಲ್ಲ.

ಆ ಮನುಷ್ಯ ಈಗ ಮತ್ತೆ ಫೋನ್ ಮಾಡಿದ್ದಾರೆ. ಅವರು ಕೆಟ್ಟವರ ಹಾಗೆ ಕಾಣಲಿಲ್ಲ. ಬೇಸಿಗೆ ತಂಡದ ಖರ್ಚು ನಮಗೆ ನಿಜವಾಗಲೂ ಭಾರ. ಏನು ಮಾಡೋದು ಹೇಳಿ.

ಮೂರು ಪಾಯಿಂಟ್

ಮೇಡಂ, ನಿಮ್ಮ ಯಜಮಾನರು ಕೇಳಿದ ಪ್ರಶ್ನೆ ಇದೆಯಲ್ಲ, ಅದು ಚಿನ್ನದಂಥದ್ದು. ಈ ವ್ಯವಸ್ಥೆ ಹುಟ್ಟಿದ್ದು ಹೇಗೆ ಅಂತ ಚೂರು ಹೇಳ್ತೀನಿ. 1977ರ ಸುಮಾರಿಗೆ ಸನ್ನಿ ವಕ್ಕಾರೊ ಅನ್ನೋರು ನೈಕಿ ಪರವಾಗಿ ಕಾಲೇಜ್ ಕೋಚ್‌ಗಳಿಗೆ ದುಡ್ಡು ಕೊಟ್ಟು, ಅವರ ಹುಡುಗರಿಗೆ ಶೂ ಹಾಕಿಸೋಕೆ ಶುರು ಮಾಡಿದರು. ಅದು ಪೂರ್ತಿ ಕಾನೂನುಬದ್ಧ. ಆಮೇಲೆ ಪೈಪೋಟಿ ಕಾಲೇಜಿನಿಂದ ಕೆಳಗಿಳಿದು ಹೈಸ್ಕೂಲ್ ವಯಸ್ಸಿನ ಬೇಸಿಗೆ ತಂಡಗಳಿಗೆ ಬಂತು. ನೈಕಿ, ಅಡಿಡಾಸ್, ಅಂಡರ್ ಆರ್ಮರ್, ಒಬ್ಬೊಬ್ಬರದ್ದೂ ಒಂದೊಂದು ಲೀಗ್. ಹದಿನಾಲ್ಕರ ಹುಡುಗ ಒಂದು ಕಂಪನಿಯ ತಂಡಕ್ಕೆ ಸೇರಿದರೆ ಅದೇ ಕಂಪನಿಯ ಕಾಲೇಜಿಗೆ ಹೋಗಲಿ, ಮುಂದೆ ಅದೇ ಕಂಪನಿಗೆ ಸಹಿ ಹಾಕಲಿ ಅನ್ನೋ ಆಸೆ. ಎಲ್ಲ ಕ್ಲಬ್ಬೂ ಹೀಗೇ ಅಂತ ಹೇಳ್ತಿಲ್ಲ. ಒಳ್ಳೆಯವರು ಬೇಕಾದಷ್ಟಿದ್ದಾರೆ. ಫೀಸು ಮಾಫಿ ಮಾಡಿ ಬಡ ಹುಡುಗರಿಗೆ ಆಡಿಸೋರು ಇದ್ದಾರೆ.

ಅದೇ ವಕ್ಕಾರೊ ಮುಂದೆ ಆಟಗಾರರ ಪಕ್ಷ ಸೇರಿ, ಯುಸಿಎಲ್‌ಎ ವಿಶ್ವವಿದ್ಯಾಲಯದ ಮಾಜಿ ಆಟಗಾರ ಎಡ್ ಒಬ್ಯಾನನ್ ಎನ್‌ಸಿಎಎ ಮೇಲೆ ಕೇಸು ಹಾಕುವಾಗ ಬೆನ್ನಿಗೆ ನಿಂತರು. ತನ್ನ ರೂಪ ಇರುವ ವಿಡಿಯೋ ಗೇಮ್ ಮಾರಾಟ ಆಗ್ತಿದೆ, ತನಗೆ ಒಂದು ಪೈಸೆ ಇಲ್ಲ ಅಂತ ಒಬ್ಯಾನನ್ 2009ರಲ್ಲಿ ಕೋರ್ಟಿಗೆ ಹೋದದ್ದು.

ಲಫಾಯೆಟ್ ಹುಡುಗ

ನಾನು ಇಂಡಿಯಾನಾದಲ್ಲಿ ಎಂಎಸ್ ಮಾಡ್ತಿದ್ದೇನೆ, ಎಫ್-1 ಅಂದರೆ ವಿದ್ಯಾರ್ಥಿ ವೀಸಾ. ಸೆಮಿಸ್ಟರ್ ನಡೆಯುವಾಗ ವಾರಕ್ಕೆ 20 ಗಂಟೆ ಕ್ಯಾಂಪಸ್ ಕೆಲಸ, ಅದು ಬಿಟ್ಟರೆ ಅನುಮತಿ ಇಲ್ಲದೆ ಒಂದು ರೂಪಾಯಿ ದುಡಿಯೋ ಹಾಗಿಲ್ಲ. ಇದು ಇಲ್ಲಿ ಬಹಳ ಜನಕ್ಕೆ ಗೊತ್ತಿರೋದೇ. ಆದರೆ ಅದೇ ವೀಸಾದಲ್ಲಿ ಏಳಡಿ ನಾಲ್ಕಿಂಚಿನ ಜ್ಯಾಕ್ ಈಡಿ ಕೂಡ ಇದ್ದ ಅಂತ ಎಷ್ಟು ಜನಕ್ಕೆ ಗೊತ್ತು? ಟೊರಾಂಟೊ ಹುಡುಗ. ಇಲ್ಲಿನ ಪರ್ಡ್ಯೂ ವಿಶ್ವವಿದ್ಯಾಲಯಕ್ಕೆ ಆಡಿ 2023, 2024 ಎರಡೂ ವರ್ಷ ದೇಶದ ಅತ್ಯುತ್ತಮ ಆಟಗಾರ ಅನ್ನಿಸಿಕೊಂಡ. 2021ರ ಜುಲೈಯಿಂದ ಕಾಲೇಜ್ ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ದುಡಿಯಬಹುದು. ಆದರೆ ಬೆಂಚಿನಲ್ಲಿ ಕೂರುವ ಅಮೆರಿಕದ ಹುಡುಗ ಕಾರ್ ಶೋರೂಮ್ ಜಾಹೀರಾತು ಮಾಡಬಹುದಿತ್ತು, ಇವನು ಇಲ್ಲಿ ನಿಂತು ಮಾಡೋ ಹಾಗಿರಲಿಲ್ಲ.

ಕೆಂಟಕಿಯಲ್ಲಿದ್ದ ಕಾಂಗೋ ದೇಶದ ಆಸ್ಕರ್ ಶಿಬ್ವೆ 2022ರ ಬೇಸಿಗೆಯಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಜಾಹೀರಾತು ಕೆಲಸವನ್ನೆಲ್ಲ ಅಲ್ಲೇ ಮುಗಿಸಿಕೊಂಡ. ಅಮೆರಿಕದ ಗಡಿ ದಾಟಿದ ಮೇಲೆ ತೊಂದರೆ ಇಲ್ಲವಲ್ಲ. ಕದ್ದುಮುಚ್ಚಿ ಮಾಡೋಕೆ ಹುಡುಗರನ್ನು ದೂಡುವ ನಿಯಮ ಇನ್ನೂ ಇದೆ ಅನ್ನೋದಕ್ಕೆ ಇದನ್ನು ಹೇಳಿದೆ. ಎಫ್-1 ಆಟಗಾರ ತಪ್ಪಿದರೆ ಹೋಗೋದು ಪಂದ್ಯ ಅಲ್ಲ, ವೀಸಾ.

ಹುಣಸೂರ್ ರೋಡ್

ಪಿವಟ್ ಸರ್, ಪ್ರಾಮಾಣಿಕ ಕೋಚ್‌ಗಳ ಬಗ್ಗೆ ನೀವು ಹೇಳಿದ್ದು ಮನಸ್ಸಿಗೆ ತಟ್ಟಿತು. ಅವರ ಹೆಸರು ಯಾವ ಸುದ್ದಿಯಲ್ಲೂ ಬರೋದಿಲ್ಲ.

ಆದರೆ ಸ್ಕಾಲರ್‌ಶಿಪ್ ಸಾಕು ಅನ್ನೋದನ್ನು ನಾನು ಒಪ್ಪಲ್ಲ. ಮಾರ್ಚ್‌ನಲ್ಲಿ ನಡೆಯುವ ಕಾಲೇಜ್ ತಂಡಗಳ ರಾಷ್ಟ್ರೀಯ ಟೂರ್ನಮೆಂಟ್ ಪ್ರಸಾರಕ್ಕೆ ಟಿವಿಯವರು 2010ರಲ್ಲಿ ಹದಿನಾಲ್ಕು ವರ್ಷಕ್ಕೆ 1,080 ಕೋಟಿ ಡಾಲರ್ ಒಪ್ಪಿಕೊಂಡರು. 2014ರಲ್ಲಿ ಕನೆಕ್ಟಿಕಟ್ ತಂಡದ ಶಬಾಜ್ ನೇಪಿಯರ್, ಅದೇ ಟೂರ್ನಮೆಂಟಿನ ಚಾಂಪಿಯನ್, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಅಂದ. ದುಡ್ಡು ಕೊಟ್ಟು ತಿನ್ನೋಕೆ ಆಗ್ತಿರಲಿಲ್ಲ. ಅವನು ಹೇಳಿದ ಸ್ವಲ್ಪ ದಿನಕ್ಕೇ ಎನ್‌ಸಿಎಎ ಊಟದ ಮಿತಿ ತೆಗೆದುಹಾಕಿತು. ನೀವು ಸ್ಲೀಪರ್ ಕ್ಲಾಸ್‌ನಲ್ಲಿ ಹೋದಿರಿ ಸರ್, ಆದರೆ ನಿಮ್ಮ ಆಟ ಮಾರಿ ಯಾರೂ ಕೋಟಿ ಎಣಿಸಲಿಲ್ಲ.

ಅಪ್ಪನ ವಿಷಯ. ಬೋವೆನ್ ಅಪ್ಪ ತಪ್ಪು ಮಾಡಿದರು ಅಂತ ನಾನೂ ಹೇಳ್ತೀನಿ. ನನ್ನ ಪ್ರಕಾರ ಅವರ ತಪ್ಪು ಮಗನಿಗೆ ಹೇಳದೇ ಇದ್ದದ್ದು.

2021ರ ಜೂನ್‌ನಲ್ಲಿ, ಆಟಗಾರರು ಹಾಕಿದ್ದ ಅಲ್ಸ್ಟನ್ ಅನ್ನೋ ಕೇಸಿನಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಕೆಲವೇ ದಿನದಲ್ಲಿ ಜಾಹೀರಾತಿನ ದುಡ್ಡಿಗೆ ಬಾಗಿಲು ತೆರೆಯಿತು. 2025ರ ಜೂನ್‌ನಲ್ಲಿ, ಆಟಗಾರರೇ ಎನ್‌ಸಿಎಎ ಮೇಲೆ ಹಾಕಿದ್ದ ಹೌಸ್ ಅನ್ನೋ ಕೇಸಿನ ರಾಜಿಗೆ ಕೋರ್ಟ್ ಒಪ್ಪಿಗೆ ಕೊಟ್ಟಿತು. ಅದರ ಪ್ರಕಾರ ರಾಜಿಗೆ ಸೇರಿದ ಒಂದೊಂದು ಕಾಲೇಜೂ ತನ್ನ ಆಟಗಾರರಿಗೆ ನೇರವಾಗಿ ದುಡ್ಡು ಹಂಚಬಹುದು, ಮೊದಲ ವರ್ಷ, ಅಂದರೆ 2025-26ರಲ್ಲಿ, ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ. ಹಳೇ ಆಟಗಾರರಿಗೆ 280 ಕೋಟಿ ಡಾಲರ್ ಬಾಕಿ. ಯಾವುದಕ್ಕೆ ಡಾಕಿನ್ಸ್ ಜೈಲಿಗೆ ಹೋದನೋ ಅದನ್ನು ಇವತ್ತು ಕಾಲೇಜೇ ಚೆಕ್ ಬರೆದು ಮಾಡ್ತಿದೆ.

ಇದು ಒಳ್ಳೇದೇ ಆಯಿತು ಅಂತ ನಾನು ಗಟ್ಟಿಯಾಗಿ ಹೇಳ್ತೀನಿ. ಆದರೂ ನನ್ನ ಮೊದಲ ಪ್ರಶ್ನೆ ಹಾಗೇ ಇದೆ. ಎನ್‌ಬಿಎ ಆಟಗಾರರ ಏಜೆಂಟ್‌ಗೆ ಪರೀಕ್ಷೆ ಇದೆ, ಸಂಬಳದ ಒಪ್ಪಂದದಲ್ಲಿ ಕಮಿಷನ್‌ಗೆ ಮಿತಿ ಇದೆ. ಹದಿನೆಂಟರ ಹುಡುಗನ ಪರ ಕಾಲೇಜಿನ ಜೊತೆ ಚೌಕಾಸಿ ಮಾಡೋನಿಗೆ ದೇಶಕ್ಕೆಲ್ಲ ಅಂಥ ಒಂದೇ ಪರೀಕ್ಷೆ, ಒಂದೇ ಮಿತಿ ಇಲ್ಲ. ಸೋದರಮಾವನೂ ಆಗಬಹುದು, ಬೇಸಿಗೆ ತಂಡದ ಕೋಚೂ ಆಗಬಹುದು. ಬಾಗಿಲು ತೆರೆದರು, ಹುಡುಗನ ಪಕ್ಕ ಒಬ್ಬ ನಂಬಿಕಸ್ಥರನ್ನು ಕೂರಿಸಲಿಲ್ಲ.

ಮಂಡ್ಯದ ಪಿವಟ್

ನೇಪಿಯರ್ ವಿಷಯ ನಿಜ, ಅದಕ್ಕೆ ನನ್ನ ಬಳಿ ಉತ್ತರ ಇಲ್ಲ. ಆದರೆ ಈಗ ಹುಡುಗರು ಪ್ರತಿ ವರ್ಷ ಕಾಲೇಜು ಬದಲಾಯಿಸ್ತಿದ್ದಾರೆ. ಹೋದ ವರ್ಷ ನಾನು ಕೂಗಿ ಬೆಂಬಲಿಸಿದ ತಂಡದ ಮೊದಲ ಐವರಲ್ಲಿ ಈ ವರ್ಷ ಒಬ್ಬನೂ ಇಲ್ಲ. ಒಬ್ಬ ಕೋಚ್ ಕೈಕೆಳಗೆ ಮೂರ್ನಾಲ್ಕು ವರ್ಷ ಬೆಳೆಯೋದಿದೆಯಲ್ಲ, ಅದರಿಂದ ನನಗೆ ಬದುಕೇ ಸಿಕ್ಕಿತು. ಆ ಹುಡುಗರಿಗೆ ಅದು ತಪ್ಪಿಹೋಗ್ತಿದೆ ಅನ್ನೋ ಸಂಕಟ ನನಗೆ ದುಡ್ಡಿನ ಲೆಕ್ಕಕ್ಕಿಂತ ದೊಡ್ಡದು. ಈ ಮಾತಿಂದ ನಾನು ಹಿಂದೆ ಸರಿಯಲ್ಲ.

ಎಡಿಸನ್ ಮೇಡಂ, ಮಗನ ಸ್ಕೂಲ್ ಕೋಚ್ ಹತ್ತಿರ ಮೊದಲು ಮಾತಾಡಿ. ಒಂಬತ್ತನೇ ಕ್ಲಾಸಿಗೆ ದೇಶ ಸುತ್ತೋ ತಂಡ ಬೇಕಾಗಿಲ್ಲ. ಅವನಿಗೆ ಈಗ ಬೇಕಿರೋದು ಎಡಗೈ ಡ್ರಿಬಲ್, ಫುಟ್‌ವರ್ಕ್, ನಿದ್ದೆ.

ಮಲ್ಲೇಶ್ವರದ ವಕೀಲ

ಎಡಿಸನ್ ಮೇಡಂ, ನಾನು ನಿಮ್ಮ ರಾಜ್ಯದಲ್ಲಿ ವಕಾಲತ್ತು ಮಾಡುವವನಲ್ಲ, ಆದ್ದರಿಂದ ಇದನ್ನು ಒಬ್ಬ ಹಿತೈಷಿಯ ಮಾತು ಅಂತ ತಗೊಳ್ಳಿ.

ನ್ಯೂಜೆರ್ಸಿಯಲ್ಲಿ ಹೈಸ್ಕೂಲ್ ಆಟಗಾರರೂ ತಮ್ಮ ಹೆಸರಿನಿಂದ ದುಡಿಯಬಹುದು, ಶಾಲೆಯ ಹೆಸರು, ಲೋಗೋ ಬಳಸುವಂತಿಲ್ಲ. ಆದರೆ ನಿಮ್ಮ ಮುಂದಿರೋದು ಅಂಥ ಒಪ್ಪಂದ ಅಲ್ಲ. ಅದು ಬಾಯಿಮಾತಿನ ಉಪಕಾರ. ಅದನ್ನು ಕಾಗದಕ್ಕೆ ತರಿಸಿ. ಪ್ರಯಾಣದ ಖರ್ಚು ಕೊಡೋದು ಕ್ಲಬ್ಬೋ, ಶೂ ಕಂಪನಿಯೋ, ಒಬ್ಬ ವ್ಯಕ್ತಿಯೋ? ಉಳಿದ ಹುಡುಗರಿಗೂ ಫೀಸು ಮಾಫಿಯೋ, ನಿಮ್ಮವನಿಗೆ ಮಾತ್ರವೋ? ಆ ಮನುಷ್ಯನಿಗೆ ಯಾವುದಾದರೂ ಏಜೆನ್ಸಿ ಜೊತೆ ನಂಟಿದೆಯೋ? ಮಧ್ಯದಲ್ಲಿ ಬಿಟ್ಟರೆ ಏನಾದರೂ ವಾಪಸ್ ಕೊಡಬೇಕೋ? ಇಷ್ಟನ್ನು ಇಮೇಲ್‌ನಲ್ಲಿ ಕೇಳಿ. ಉತ್ತರವೂ ಇಮೇಲ್‌ನಲ್ಲೇ ಬರಲಿ. ಫೋನ್‌ನಲ್ಲಿ ಹೇಳ್ತೀನಿ ಅಂದರೆ ನಿಮಗೆ ಬೇಕಾದ ಉತ್ತರ ಸಿಕ್ಕಿತು ಅಂತಲೇ ಲೆಕ್ಕ. ಬಂದ ಉತ್ತರವನ್ನು ಶಾಲೆಯ ಅಥ್ಲೆಟಿಕ್ ಡೈರೆಕ್ಟರ್‌ಗೆ ತೋರಿಸಿ, ಆಮೇಲೆ ಒಪ್ಪಿಕೊಳ್ಳಿ.

ಮಗನನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಆ ಇಮೇಲ್ ಬರೆಯಿರಿ.

ಎಡಿಸನ್ ಅಮ್ಮ

ತುಂಬಾ ಥ್ಯಾಂಕ್ಸ್ ಸರ್. ನಿನ್ನೆ ರಾತ್ರಿ ಮೂವರೂ ಕೂತು ಬರೆದು ಕಳಿಸಿದೆವು. ಏಜೆನ್ಸಿ ನಂಟಿನ ಪ್ರಶ್ನೆಯನ್ನು ಎಲ್ಲಕ್ಕಿಂತ ಮೇಲೆ ಹಾಕು ಅಂದದ್ದು ಮಗನೇ. ಉತ್ತರ ಬಂದ ತಕ್ಷಣ ಇಲ್ಲಿ ಹಾಕ್ತೀನಿ.